ಗೀರಿಲ್ಲದ ಜೀಪು

ವೆಂಕಟರಂಗಯ್ಯನವರಿಗೆ ಇಬ್ಬರು ಮಕ್ಕಳು ಎಂದು ನಮ್ಮೂರಿನಲ್ಲಿ ಹೇಳಿ ನಗುವುದಿತ್ತು. ಒಂದು ಮಗಳು ಇಂಪನಾ, ಇನ್ನೊಂದು ಜೀಪು. ಇಂಪನಾ ಈಗ ಯಾವ ಕ್ಲಾಸು ಎಂದು ಯಾರಾದರೂ ಕೇಳಿದರೆ ಅವರು ಹೆಂಡತಿ ಸುಬ್ಬಲಕ್ಷ್ಮಮ್ಮನ ಮುಖ ನೋಡುತ್ತಿದ್ದರು. ಜೀಪಿನ ಯಾವ ಮೂಲೆಯಲ್ಲಿ ಯಾವ ಮಳೆಗಾಲದಲ್ಲಿ ತುಕ್ಕು ಕಾಣಿಸಿಕೊಂಡಿತ್ತು ಎಂದು ಕೇಳಿದರೆ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

ಯಡಿಯೂರಿನಿಂದ ಒಳಗೆ ಬರುವ ನಮ್ಮ ತೋಟದ ದಾರಿಗಳು ಯಾವ ಶತ್ರುವಿಗೂ ಬೇಡ. ಎರಡೂ ಕಡೆ ಜಾಲಿ, ಕತ್ತಾಳೆ. ಸೈಕಲ್ಲಿನಲ್ಲಿ ಹೋದವನೇ ಅಂಗಿ ಹರಿದುಕೊಂಡು ಬರುತ್ತಾನೆ. ವೆಂಕಟರಂಗಯ್ಯನವರು ದಾರಿಯ ಬಾಯಲ್ಲೇ ಜೀಪು ನಿಲ್ಲಿಸಿ, ಎರಡು ಪಕ್ಕಕ್ಕೂ ಗೋಣಿತಾಟು ಇಳಿಬಿಟ್ಟು ಕಟ್ಟಿ, ಆಮೇಲೆ ಒಳಗೆ ಬಿಡುತ್ತಿದ್ದರು. ಹಿಂದೆ ಎತ್ತಿನ ಗಾಡಿಯವರು ಕಾಯಬೇಕು, ಕಾದು ಬೈದುಕೊಳ್ಳಬೇಕು. ಅಷ್ಟಾದರೂ ಒಂದು ಮುಳ್ಳು ಗೀರಿದರೆ ಅವತ್ತೇ ಅದನ್ನು ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಹಸಿರು ಬಣ್ಣ ಹಚ್ಚಿದರೇ ಅವರಿಗೆ ನಿದ್ದೆ.

ಆದರೆ ಅವರ ನಿಜವಾದ ಹಗೆ ತುಕ್ಕು. ಗೀರು ಮೇಲಿರುತ್ತದೆ, ಕಾಣುತ್ತದೆ. ತುಕ್ಕು ಅಡಿಯಿಂದ ತಿನ್ನುತ್ತದೆ, ತಿಂದು ಮುಗಿಸಿದ ಮೇಲೆ ಕಾಣುತ್ತದೆ ಎನ್ನುತ್ತಿದ್ದರು. ಮಳೆಯಲ್ಲಿ ಹೋಗಿ ಬಂದರೆ ಊಟಕ್ಕೆ ಮೊದಲು ಜೀಪಿನಡಿ ಮಲಗಿ ಕೆಸರು ತೊಳೆಯುತ್ತಿದ್ದರು. ನೆಲದ ತಗಡಿನಲ್ಲಿ ನೀರು ಇಳಿಯುವ ತೂತುಗಳಿಗೆ ತೆಂಗಿನ ಗರಿಯ ಕಡ್ಡಿ ಆಡಿಸುತ್ತಿದ್ದರು. ಮಳೆಗಾಲ ಹಿಡಿಯುವ ಮುಂಚೆ ತಳಕ್ಕೆಲ್ಲ ಸುಟ್ಟ ಆಯಿಲ್ ಬಳಿಯುತ್ತಿದ್ದರು. ಮಡ್‌ಗಾರ್ಡಿನ ಹಿಂದಿನ ಸಂದಿಗೆ ಅವರ ದಪ್ಪ ಕೈ ಹೋಗುತ್ತಿರಲಿಲ್ಲ, ಅಲ್ಲಿಗೆ ಇಂಪನಾಳ ಪುಟ್ಟ ಕೈ ಬೇಕಿತ್ತು. ಅಪ್ಪ ಮಗಳು ಕೂಡಿ ಮಾತಾಡಿದ್ದೇನಾದರೂ ಇದ್ದರೆ ಅದು ಜೀಪಿನ ಕೆಳಗೇ.

ಮನುಷ್ಯರನ್ನೂ ಅವರು ಗಾಡಿಯಿಂದಲೇ ಅಳೆಯುತ್ತಿದ್ದರು. ಗಾಡಿ ಕೊಳಕಾಗಿಟ್ಟುಕೊಂಡವನ ಮನೆಯಲ್ಲಿ ಕಾಫಿ ಕುಡಿಯಲೂ ಹಿಂದೆ ಮುಂದೆ ನೋಡುವ ಮನುಷ್ಯ. 1996ರಲ್ಲಿ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆಯಿಂದ ರಂಗನಾಥ್ ಎಂಬ ಹುಡುಗ ತಾಯಿ ಮಹಾಲಕ್ಷ್ಮಮ್ಮನ ಜೊತೆ ಹೆಣ್ಣು ನೋಡಲು ಬಂದ. ತಂದೆ ಇರಲಿಲ್ಲ, ತೆಂಗಿನ ತೋಟವಿತ್ತು. ಒಳಗೆ ಉಪ್ಪಿಟ್ಟು ಕೇಸರಿಬಾತು ನಡೆಯುತ್ತಿದ್ದಾಗ ವೆಂಕಟರಂಗಯ್ಯನವರು ಹೊರಗೆ ಹೋಗಿ ಹುಡುಗನ ಬೈಕಿನ ಮಡ್‌ಗಾರ್ಡಿನೊಳಗೆ ಬೆರಳಾಡಿಸಿದರು. ಬೆರಳಿಗೆ ಹಳೆಯ ಕೆಸರು ಒಂದು ಚೂರೂ ಹತ್ತಲಿಲ್ಲ. ಒಳಗೆ ಬಂದವರೇ ಹೆಂಡತಿಯನ್ನು ಅಡುಗೆಮನೆಗೆ ಕರೆದು, ಹುಡುಗ ಚಿನ್ನ, ಇನ್ನೇನೂ ವಿಚಾರಿಸುವುದು ಬೇಡ ಎಂದರು. ವಿಚಾರಿಸಲೂ ಇಲ್ಲ.

ಮದುವೆಯಲ್ಲಿ ಮಗಳ ಜೊತೆ ಜೀಪನ್ನೂ ಕೊಟ್ಟರು. ಅಳಿಯನ ತೋಟದ ದಾರಿಯೂ ನಮ್ಮಂಥದ್ದೇ, ಬೇಕಾಗುತ್ತದೆ ಎಂದರು. ಮಗಳನ್ನು ಒಪ್ಪಿಸುವಾಗ ಸುಬ್ಬಲಕ್ಷ್ಮಮ್ಮ ಅತ್ತರು. ಜೀಪನ್ನು ಒಪ್ಪಿಸುವಾಗ ವೆಂಕಟರಂಗಯ್ಯನವರು ಅದರ ಬಾನೆಟ್ಟನ್ನು ಪಂಚೆಯ ತುದಿಯಿಂದ ಇನ್ನೊಮ್ಮೆ ಒರೆಸಿದರು. ಅಳಿಯನನ್ನು ಪಕ್ಕಕ್ಕೆ ಕರೆದು ಯಾವ ಸಂದಿ, ಯಾವ ತೂತು, ಯಾವ ಆಯಿಲ್ ಎಲ್ಲವನ್ನೂ ತೋರಿಸಿದರು. ರಂಗನಾಥ್ ಎಲ್ಲದಕ್ಕೂ ಹೂಂ ಎಂದ.

ಹೊಸ ಮನೆಗೆ ಬಂದ ಮೊದಲ ಮಳೆಗೇ ಮಹಾಲಕ್ಷ್ಮಮ್ಮ ಸೊಸೆಯ ಕೈಗೆ ಒಂದು ಬಟ್ಟೆ, ಒಂದು ಬಕೆಟ್ ಕೊಟ್ಟರು.

"ಅವನ ಬೈಕು ತೊಳೀತಿದ್ದೋಳು ನಾನೇ ಕಣಮ್ಮ. ನಂಗಿನ್ನು ಸೊಂಟ ಬಗ್ಗಲ್ಲ. ಇನ್ಮೇಲೆ ಎಲ್ಲ ನಿಂದು," ಎಂದರು.

ಹೀಗೆ ಅಪ್ಪನ ಜೀಪು ಮತ್ತೆ ಇಂಪನಾಳ ಕೈಗೇ ಬಂತು. ಅವಳಿಗೆ ಮೊದಲು ಅದು ಕಷ್ಟವೂ ಅನ್ನಿಸಲಿಲ್ಲ, ತವರಿನ ವಾಸನೆ ಎಂದುಕೊಂಡಳು. ಆಮೇಲೆ ತಿಳಿಯಿತು, ಜೀಪಿನ ಮೇಲೆ ಏನೇ ಆದರೂ ಲೆಕ್ಕ ಅವಳ ಮೈಮೇಲೆ ಎಂದು. ರಂಗನಾಥ್ ತಾನೇ ಓಡಿಸಿಕೊಂಡು ಹೋಗಿ ಜಾಲಿಗೆ ತಾಗಿಸಿ ಬಂದ ದಿನ, ಗೋಣಿತಾಟು ಯಾಕೆ ಜೀಪಿನಲ್ಲಿ ಇಟ್ಟಿರಲಿಲ್ಲ ಎಂದು ಕೆನ್ನೆಗೆ ಹೊಡೆದ. ನಾಳೆ ನಿಮ್ಮಪ್ಪ ಬಂದರೆ ನನ್ನ ಮರ್ಯಾದೆ ಏನಾಗಬೇಕು ಎಂದ. ಅದು ಮೊದಲನೆಯ ಏಟು, ಗೀರಿಗೆ ಬಣ್ಣ ಹಚ್ಚಿದವಳೂ ಅವಳೇ. ಮುಂದೆ ಹೊಡೆಯುವುದಕ್ಕೆ ಜೀಪಿನ ನೆಪವೂ ಬೇಕಾಗಲಿಲ್ಲ. ಸಾರಿಗೆ ಉಪ್ಪು ಸಾಕಾಗದ್ದು, ತವರಿಗೆ ಫೋನ್ ಮಾಡಬೇಕು ಎಂದದ್ದು, ಸುಮ್ಮನೆ ಕೂತದ್ದು, ಎಲ್ಲವೂ ನೆಪವಾಗುತ್ತಿತ್ತು. ಗುಬ್ಬಿಗೆ ಹೋದರೆ ಮಾತ್ರ ಅವನಂಥ ನಯದ ಮನುಷ್ಯ ಇಲ್ಲ. ಹೊರಗೆ ಥಳುಕು, ಒಳಗೆ ಹುಳುಕು.

ವೆಂಕಟರಂಗಯ್ಯನವರು ಎರಡು ಬಸ್ಸು ಬದಲಾಯಿಸಿ ಆಗಾಗ ಬರುತ್ತಿದ್ದರು. ಮಗಳು ಕಾಲಿಗೆ ನೀರು ತಂದು ನಿಂತರೆ, ಇರಮ್ಮ ಬಂದೆ ಎಂದು ನೇರ ಶೆಡ್ಡಿಗೆ ಹೋಗುತ್ತಿದ್ದರು. ಪಂಚೆ ಮೇಲೆ ಕಟ್ಟಿ, ಗೋಣಿ ಹಾಸಿ ಜೀಪಿನಡಿಗೆ ಸರಿದು, ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಲ್ಲಿ ತಟ್ಟಿ ಸದ್ದು ಕೇಳುತ್ತಿದ್ದರು. ಗಟ್ಟಿ ತಗಡು ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಸತ್ತ ಸದ್ದು ಮಾಡುತ್ತದೆ. ಪ್ರತಿಸಲವೂ ಠಣ್ ಎನ್ನುತ್ತಿತ್ತು. ಹೊರಗೆ ಬಂದು ಅಳಿಯನ ಬೆನ್ನು ತಟ್ಟುತ್ತಿದ್ದರು. ಅವನೂ ತಲೆ ತಗ್ಗಿಸಿ ತಟ್ಟಿಸಿಕೊಳ್ಳುತ್ತಿದ್ದ. ಬಾಗಿಲ ಹಿಂದೆ ಇಂಪನಾ ಉಗುರಿನ ಸಂದಿಯ ಆಯಿಲ್ ಕಪ್ಪನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಆದರೆ ಅಂಗೈ ನೋಡುವವರು ಬೇಕಲ್ಲ.

ಅವಳು ಹೇಳಲಿಲ್ಲ ಎಂದಲ್ಲ. ತಾಯಿಗೆ ಹೇಳಿದಳು. ಸುಬ್ಬಲಕ್ಷ್ಮಮ್ಮ ಎದೆ ಗಟ್ಟಿ ಮಾಡಿಕೊಂಡು ಗಂಡನಿಗೆ ಹೇಳಿದರು. ಅವರು ಉಣ್ಣುತ್ತಿದ್ದ ತಟ್ಟೆಯಿಂದ ತಲೆ ಎತ್ತದೆ ಹೇಳಿದ ಮಾತು ಇದು:

"ಮದುವೆಯಾದಾಗಿಂದ ಆ ಜೀಪಿನ ಮೇಲೆ ಒಂದು ಗೀರಿಲ್ಲ ಕಣೇ. ತಗಡನ್ನ ಹಂಗೆ ನೋಡ್ಕೊಳ್ಳೋನು ಹೆಂಡ್ತಿನ ನೋಡ್ಕೊಳ್ಳಲ್ವಾ? ಹೆಣ್ಣುಮಕ್ಳು ಒಂದಕ್ಕೆ ಎರಡು ಸೇರಿಸ್ತವೆ, ಬುಡು."

ಮಾರನೆಯ ವರ್ಷ ಗೌರಿ ಹಬ್ಬಕ್ಕೆ ಬಂದಾಗ ಇಂಪನಾ ತಾನೇ ಅಪ್ಪನ ಮುಂದೆ ನಿಂತು ಹೇಳಿದಳು. ಅವರು ಪೂರ್ತಿ ಕೇಳಿದರು. ಹೊಂದಿಕೊಂಡು ಹೋಗಬೇಕಮ್ಮ ಎಂದರು. ವಾಪಸ್ಸು ಕಳಿಸುವಾಗ ಜೀಪಿನ ತಳಕ್ಕೆ ಬಳಿಯಲು ಒಂದು ಡಬ್ಬ ಕಪ್ಪು ಪೇಂಟು ಕೊಟ್ಟು ಕಳಿಸಿದರು. ತುಮಕೂರಿನ ಶಿರಾ ಗೇಟಿನ ಅಂಗಡಿಯಲ್ಲಿ ಅಳಿಯನಿಗಾಗಿ ಹುಡುಕಿ ತಂದದ್ದು. ನನಗೆ ಈ ಮನುಷ್ಯನ ಮೇಲೆ ಇವತ್ತಿಗೂ ಸಿಟ್ಟು ಬರುವುದು ಆ ಡಬ್ಬಕ್ಕೆ.

2000ದ ಮಳೆಗಾಲದಲ್ಲಿ ವೆಂಕಟರಂಗಯ್ಯನವರು ಮಂಡಿನೋವೆಂದು ಆ ಕಡೆ ಹೋಗಲಿಲ್ಲ. ಇತ್ತ ಇಂಪನಾಳ ಬಲ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ರಂಗನಾಥ್ ಹಿಡಿದು ತಿರುಚಿದ್ದು. ಕಲ್ಲಿನ ಮೇಲೆ ಜಾರಿಬಿದ್ದಳು ಎಂದು ಊರಿಗೆ ಹೇಳಿ, ಡಾಕ್ಟರಿಗೆ ತೋರಿಸದೆ, ನಾಟಿ ವೈದ್ಯನಿಂದ ಪಟ್ಟು ಹಾಕಿಸಿದ್ದರು. ಆ ಕೈಯಲ್ಲಿ ಬಟ್ಟೆ ಹಿಂಡಲು ಆಗುತ್ತಿರಲಿಲ್ಲ, ಸಂದಿಗೆ ಕೈ ತೂರಿಸಲು ಆಗುತ್ತಿರಲಿಲ್ಲ. ಒಂದು ಮಳೆ ಬಿಟ್ಟಳು, ಎರಡು ಮಳೆ ಬಿಟ್ಟಳು. ಆಮೇಲೊಂದು ಬೆಳಿಗ್ಗೆ ಬಗ್ಗಿ ನೋಡಿದಾಗ ನೆಲದ ತಗಡಿನ ಅಂಚಿನಲ್ಲಿ ಕಂದು ಬಣ್ಣ ಎದ್ದಿತ್ತು. ಅಪ್ಪನ ಮಗಳಲ್ಲವೇ. ಕಡ್ಡಿ ತರಲು ಎದ್ದವಳು, ಹಾಗೆಯೇ ಕೂತುಬಿಟ್ಟಳು. ಇರಲಿ ಬಿಡು ಎಂದುಕೊಂಡಳು. ಅಂದಿನಿಂದ ಜೀಪಿನ ಮೇಲ್ಭಾಗವನ್ನು ಎಡಗೈಯಲ್ಲಿ ಮೊದಲಿಗಿಂತ ಚೆನ್ನಾಗಿ ಒರೆಸಿದಳು. ಅಡಿಗೆ ಮಾತ್ರ ಕೈ ಹಾಕಲಿಲ್ಲ. ಕೆಸರು ಮೆತ್ತಿಕೊಂಡಿತು, ತೂತುಗಳು ಮುಚ್ಚಿಕೊಂಡವು, ನೀರು ನಿಂತಿತು. ರಂಗನಾಥನಿಗೆ ಹೊಳಪು ಸಾಕಾಗಿತ್ತು, ಅವನು ಬಗ್ಗಿ ನೋಡುವ ಜಾತಿಯವನಲ್ಲ. ಹೆದರಿಕೆ ಅವಳಿಗೂ ಇತ್ತು. ತೂತು ಬೀಳುವುದನ್ನು ಗಂಡ ಮೊದಲು ಕಂಡರೆ ತನ್ನ ಗತಿ ಏನು ಎಂದು ದಿನಾ ನಡುಗುತ್ತಿದ್ದಳು. ಅಪ್ಪ ಮೊದಲು ಬರಲಿ ಎಂದು ಯಡಿಯೂರು ಸಿದ್ದಲಿಂಗಪ್ಪನಿಗೆ ಹರಕೆ ಹೊತ್ತಳು.

ದೀಪಾವಳಿಗೆ ಮಗಳು ಅಳಿಯನನ್ನು ಕರೆಯಲು ವೆಂಕಟರಂಗಯ್ಯನವರು ಬಂದರು. ಜೀಪಿನ ಹೊಳಪು ಕಂಡು ಬಾಯ್ತುಂಬ ನಕ್ಕರು. ಮಂಡಿ ನೋವಿದ್ದರೂ ಕೇಳದೆ ಅಡಿಗೆ ಸರಿದು ತಟ್ಟಿದರು. ಸದ್ದು ಬರಲಿಲ್ಲ. ಇನ್ನೊಂದು ಕಡೆ ತಟ್ಟಿದರು. ತುದಿಯಿಂದ ಒತ್ತಿದಾಗ ಸ್ಕ್ರೂಡ್ರೈವರು ನೆನೆದ ರಟ್ಟಿನೊಳಗೆ ಹೋದಂತೆ ತಗಡಿನೊಳಗೆ ಹೋಯಿತು, ತುಕ್ಕಿನ ಹುಡಿ ಕಣ್ಣಿಗೆ ಬಿತ್ತು. ತೆವಳಿಕೊಂಡು ಹೊರಬಂದವರ ಮುಖ ಕೆಂಪಾಗಿತ್ತು. ಜೀವಮಾನದಲ್ಲಿ ಅಳಿಯನ ಮೇಲೆ ದನಿ ಎತ್ತಿದ್ದು ಆಗಲೇ.

"ಏನ್ರೀ ಇದು ರಂಗನಾಥಪ್ಪ? ಮಳೆಗಾಲದ ಕೆಸರೆಲ್ಲ ಒಳಗೇ ಕೂತಿದೆ. ಒಂದಿನಾನಾದ್ರೂ ಬಗ್ಗಿ ನೋಡಿದೀರಾ?"

ಅಷ್ಟು ವರ್ಷ ಬೆನ್ನು ತಟ್ಟಿಸಿಕೊಂಡವನಿಗೆ ಬೈಗುಳ ಹೊರುವ ಮನಸ್ಸಿರಲಿಲ್ಲ.

"ನಾನ್ಯಾಕೆ ಬಗ್ಗಿ ನೋಡ್ಲಿ ಮಾವ? ಮೊದಲಿಂದ್ಲೂ ಅದೆಲ್ಲ ಇವಳ ಕೆಲ್ಸ. ಇವಳ್ನೇ ಕೇಳಿ," ಎಂದ.

ವೆಂಕಟರಂಗಯ್ಯನವರು ಮಗಳ ಕಡೆ ತಿರುಗಿದರು. ಮೊದಲಿನಿಂದಲೂ ಎಂಬ ಮಾತು ಅವರ ತಲೆಗೆ ಇನ್ನೂ ಇಳಿದಿರಲಿಲ್ಲ, ಮನಸ್ಸೆಲ್ಲ ಆ ತೂತಿನಲ್ಲೇ ಇತ್ತು. ನಿನಗೆ ಗೊತ್ತಿತ್ತಲ್ಲಮ್ಮ, ಯಾಕೆ ಹೀಗೆ ಬಿಟ್ಟೆ ಎಂದು ಕೇಳಿದರು.

"ಗೊತ್ತಿದ್ದೇ ಬಿಟ್ಟೆ ಅಪ್ಪ. ನಾನು ಹೇಳಿದ್ದನ್ನ ನೀನು ನಂಬ್ಲಿಲ್ಲ. ಜೀಪು ಹೇಳಿದ್ರೆ ನಂಬ್ತೀಯ ಅಂತ ಬಿಟ್ಟೆ."

ಮಹಾಲಕ್ಷ್ಮಮ್ಮ ಮೆಲ್ಲಗೆ ಎದ್ದು ಒಳಗೆ ಹೋದರು. ರಂಗನಾಥ್ ಹಲ್ಲು ಕಚ್ಚಿಕೊಂಡು ಹೆಂಡತಿಯನ್ನೇ ನೋಡುತ್ತಿದ್ದ. ವೆಂಕಟರಂಗಯ್ಯನವರು ತಮಗೆ ಬರುವ ಮಾತನ್ನೇ ಆಡಿದರು. ತಗಡು ಕತ್ತರಿಸಿ ವೆಲ್ಡಿಂಗ್ ಮಾಡಿಸಬೇಕು, ಈಗಲೇ ತುಮಕೂರಿಗೆ ತೆಗೆದುಕೊಂಡು ಹೋಗುತ್ತೇನೆ ಎಂದರು. ಕೀ ಇಸಿದುಕೊಂಡು ಹತ್ತಿ ಕೂತು, ಮಗಳಿಗೆ ನೀನೂ ಬಾ ಎಂದರು. ಅವಳು ಒಳಗೆ ಹೋಗಿ ಬ್ಯಾಗು ಹಿಡಿದು ಬಂದಳು. ಅಷ್ಟು ಬೇಗ ಬಂದಳು ಎಂದರೆ ಅದು ಎಂದಿನಿಂದಲೋ ಕಟ್ಟಿಟ್ಟ ಬ್ಯಾಗೇ ಇರಬೇಕು.

ಎಂಜಿನ್ ಶುರುವಾಯಿತು. ರಂಗನಾಥ್ ಪಕ್ಕಕ್ಕೆ ಬಂದು ನಿಂತ. ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತ ಹೆಂಡತಿಯನ್ನು ನೋಡಿಯೂ ನೋಡದ ಹಾಗೆ, ಮಾವನನ್ನು ಕೇಳಿದ.

"ಜೀಪು ಯಾವತ್ತಿಗೆ ವಾಪಸ್ಸು ಬರುತ್ತೆ ಮಾವ? ಶುಕ್ರವಾರ ನಂಗೆ ಬೇಕಿತ್ತು."

ವೆಂಕಟರಂಗಯ್ಯನವರು ಗೇರಿನ ಮೇಲಿಟ್ಟ ಕೈಯನ್ನು ಹಾಗೇ ಇಟ್ಟುಕೊಂಡು ಕೂತರು. ಇಷ್ಟು ವರ್ಷ ಈ ಮನೆಗೆ ಬಂದಾಗಲೆಲ್ಲ ಬಾಗಿಲಲ್ಲೇ ಜೀಪು ಹೆಂಗಿದೆ ಎಂದು ಕೇಳಿದವರು ಅವರೇ. ಆ ಪ್ರಶ್ನೆ ಬೇರೆಯವನ ಬಾಯಿಂದ ಬಂದಾಗ ಅವರಿಗೆ ನಾಚಿಕೆಯಾಯಿತು, ಬರಿಯ ನಾಚಿಕೆ. ಎಂಜಿನ್ ನಿಲ್ಲಿಸಿ, ಇಳಿದು, ಕೀಯನ್ನು ಬಾನೆಟ್ಟಿನ ಮೇಲಿಟ್ಟರು.

"ಜೀಪು ಇಲ್ಲೇ ಇರ್ಲಿ, ನೀವೇ ಇಟ್ಕೊಳ್ಳಿ. ಇವಳು ವಾಪಸ್ಸು ಬರಲ್ಲ," ಎಂದರು.

ಮಗಳ ಕೈಯಿಂದ ಬ್ಯಾಗು ತೆಗೆದುಕೊಂಡು ನಡೆದರು. ರಂಗನಾಥ್ ಹಿಂದಿನಿಂದ ಕೂಗಿ ಏನೋ ಹೇಳಿದ, ನಾಲ್ಕು ಜನ ಏನಂತಾರೆ ಎಂಬ ಮಾತು ಮಾತ್ರ ಕೇಳಿಸಿತು. ಅಳಿಯ ಬೆನ್ನಟ್ಟಿ ಬಂದಾನೆಂದು, ಊರ ದಾರಿಯ ಕುಣಿಗಲ್ ಬಸ್ಸಿಗೆ ಕಾಯಲು ಅವರಿಗೆ ಧೈರ್ಯವಿರಲಿಲ್ಲ. ಮೊದಲು ಬಂದದ್ದು ಗುಬ್ಬಿ ಬಸ್ಸು. ಸುತ್ತಾದರೂ ಆಗಲಿ ಎಂದು ಅದನ್ನೇ ಹತ್ತಿದರು.

ಬಸ್ಸಿನಲ್ಲಿ ಕಂಡಕ್ಟರನಿಂದ ಟಿಕೆಟ್ ಇಸಿದುಕೊಳ್ಳಲು ಇಂಪನಾ ಎಡಗೈ ಚಾಚಿದಾಗ ಅವರು ಬಲಗೈಯನ್ನು ಕಂಡರು. ಅದನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಸೊಟ್ಟಗೆ ಕೂಡಿದ ಮೂಳೆಯ ಮೇಲೆ ಹೆಬ್ಬೆರಳಾಡಿಸಿದರು. ಯಾವಾಗ ಆದದ್ದು ಎಂದು ಕೇಳಿದರು. ಯುಗಾದಿಯ ಹಿಂದಿನ ದಿನ ಎಂದಳು.

"ಯುಗಾದಿಗೆ ನಾನು ಬಂದಿದ್ನಲ್ಲಮ್ಮ," ಎಂದರು ವೆಂಕಟರಂಗಯ್ಯನವರು.

ಇಂಪನಾ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು.

"ಬಂದಿದ್ದೆ ಅಪ್ಪ. ನೀನು ಜೀಪಿನಡಿ ಮಲಗಿದ್ದೆ, ನಾನು ಪಕ್ಕದಲ್ಲಿ ಕೂತು ಬ್ಯಾಟರಿ ಬೆಳಕು ಬಿಡ್ತಿದ್ದೆ. ಕೈ ಯಾಕೆ ಹಂಗೆ ನಡುಗ್ತದೆ, ನೆಟ್ಟಗೆ ಹಿಡಿ, ತಗಡು ಕಾಣ್ತಿಲ್ಲ ಅಂದೆ ನೀನು."