ಅಂಗಳದಲ್ಲಿ ಇನ್ನೂರ ಇಪ್ಪತ್ತು ಆಂಪಿಯರ್

"ಮೂವತ್ತು ವರ್ಷ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿದವರು ನೀವು. ನನಗೆ ಇಂಜಿನ್ ಪಾಠ ಹೇಳಬೇಡಿ, ಭಾವ."

"ಇಂಜಿನ್ ಸುದ್ದಿಗೆ ನಾನು ಬಂದೇ ಇಲ್ಲ. ಬೆಲ್ಟ್ ಕಿರುಚ್ತಾ ಇದೆ ಅಂದೆ, ಅಷ್ಟೇ."

"ಹೊಸ ಮಾಲು. ಮೊದಮೊದಲು ಹಾಗೇ ಕಿರುಚುತ್ತೆ."

"ಬೆಲ್ಟ್ ಹಳೇದಲ್ವಾ?"

ಬೆಲ್ಟ್ ಹಳೆಯದೇ. ಹೊಸದಾಗಿ ಹಾಕಿದ್ದು ಆಲ್ಟರ್ನೇಟರ್ ಮಾತ್ರ, ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಯಂತ್ರ. ಮಾತಿನಲ್ಲಿ ಸಿಕ್ಕಿಬಿದ್ದಾಗ ನಾನು ದನಿ ಏರಿಸುತ್ತೇನೆ; ನನಗೆ ಬರುವ ವಾದ ಅದೊಂದೇ. ನನ್ನ ಅಂಗಳದಲ್ಲಿ ನಿಂತು ನನ್ನ ಕೆಲಸದಲ್ಲಿ ಹುಳುಕು ಹುಡುಕುವವರು ಗೇಟು ಯಾವ ಕಡೆ ಇದೆ ಎಂದು ನೋಡಿಕೊಳ್ಳಲಿ ಎಂದೂ ಹೇಳಿಬಿಟ್ಟೆ. ಭಾವ, ಅಂದರೆ ನನ್ನ ಅಕ್ಕನ ಗಂಡ, ಗೇಟಿನ ಕಡೆ ಒಮ್ಮೆ ನೋಡಿದರು. ಆಮೇಲೆ ಮತ್ತೆ ಬೆಲ್ಟಿನ ಕಡೆ ನೋಡಿದರು. ಆ ಮನುಷ್ಯನ ತೊಂದರೆಯೇ ಅದು. ಏನನ್ನೂ ನೋಡದೆ ಬಿಡುವುದಿಲ್ಲ.

ಅಕ್ಕ ವ್ಯಾನಿನೊಳಗೆ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ತೊಡೆಯ ಮೇಲೆ ಬಟ್ಟೆಯ ಚೀಲ, ಪಕ್ಕದಲ್ಲಿ ಬೂದು ಬಣ್ಣದ ಪುಟ್ಟ ಪೆಟ್ಟಿಗೆ. ಆ ಪೆಟ್ಟಿಗೆಯೇ ಅವಳ ಉಸಿರಾಟದ ಮಿಷನ್. ನಿದ್ದೆಯಲ್ಲಿ ಅವಳ ಉಸಿರು ನಿಂತುನಿಂತು ಬರುತ್ತದೆ. ಆರು ವರ್ಷಗಳಿಂದ ಪ್ರತಿ ರಾತ್ರಿ ಮೂಗಿಗೆ ಮಾಸ್ಕ್ ಕಟ್ಟಿ, ಕೊಳವೆ ಸಿಕ್ಕಿಸಿ, ಪ್ಲಗ್ ಹಾಕಿಯೇ ಮಲಗಬೇಕು. ಹಾಗಾಗಿ ಎಲ್ಲಿಗೆ ಹೋದರೂ ಕತ್ತಲಾಗುವ ಮೊದಲು ತನ್ನ ಮನೆಯ ಗೋಡೆಗೆ ವಾಪಸ್. ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಸುಲಿಯುತ್ತಾ, ಕರೆಂಟ್ ಕಂಬವೇ ಇಲ್ಲದ ಯಾವುದಾದರೂ ಕೆರೆಯ ದಡದಲ್ಲಿ ಮಲಗಿ, ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ನೀರು ನೋಡಬೇಕು ಎಂದು ಅಂದಳು. ಇಡೀ ಜೀವನದಲ್ಲಿ ಅವಳು ನನ್ನೆದುರು ಬಾಯಿಬಿಟ್ಟು ಹೇಳಿದ ಆಸೆ ಅದೊಂದೇ. ನಾನು ಕರೆದುಕೊಂಡು ಹೋಗ್ತೀನಿ ಎಂದು ಎದೆ ತಟ್ಟಿಕೊಂಡೆ. ಅವಳ ಕಣ್ಣಲ್ಲಿ ನೀರು ಬಂತು. ಈರುಳ್ಳಿಯದೂ ಇದ್ದಿರಬಹುದು.

ನಾನು ಲಾರಿಗಳ ಕ್ಲಚ್ಚು, ಬ್ರೇಕು ರಿಪೇರಿ ಮಾಡುವವನು. ಕರೆಂಟಿನ ವಿಷಯದಲ್ಲಿ ನನ್ನ ಓದು ಇಷ್ಟೇ: ಊರ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಒಂದು ಬ್ಯಾಟರಿಯನ್ನು ದೂರದಿಂದ ತೋರಿಸಿ, ಮತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಹಳೆಯ ಪಾರ್ಸೆಲ್ ವ್ಯಾನೊಂದಕ್ಕೆ ಹಾಸಿಗೆ, ಒಲೆ, ನಲ್ಲಿ ಕೂಡಿಸಿ ಓಡಾಡುವ ಮನೆ ಮಾಡಿಕೊಂಡಿದ್ದೆ. ಕಿಟಕಿಗಳ ಅಳತೆ ತೆಗೆದು ಪರದೆ ಹೊಲಿದುಕೊಟ್ಟವಳು ಅಕ್ಕನೇ. ವ್ಯಾನಿನ ಎರಡು ಹಳೆಯ ಬ್ಯಾಟರಿಗಳು ಅವಳ ಮಿಷನ್‌ಗೆ ಎಲ್ಲಿ ಸಾಕಾಗುತ್ತವೆ ಎಂದು ಕಿತ್ತು ಶೆಡ್ಡಿನ ಹಿಂದೆ ಎಸೆದೆ. ದೊಡ್ಡ ಲಿಥಿಯಂ ಬ್ಯಾಟರಿಗಳನ್ನು ತಂದು ಕೂರಿಸಿದೆ. ಅವುಗಳ ಹೊಟ್ಟೆ ತುಂಬಿಸಲು ವ್ಯಾನಿನ ತೊಂಬತ್ತು ಆಂಪಿಯರ್ ಆಲ್ಟರ್ನೇಟರ್ ನನ್ನ ಕಣ್ಣಿಗೆ ಆಟಿಕೆಯಂತೆ ಕಂಡಿತು. ಗುಜರಿಗೆ ಬಂದ ಆಂಬುಲೆನ್ಸ್ ಒಂದರಿಂದ ಇನ್ನೂರ ಇಪ್ಪತ್ತು ಆಂಪಿಯರಿನದು ಬಿಚ್ಚಿಸಿಕೊಂಡು ಬಂದೆ. ಅದು ಕೂರಲಿಲ್ಲ. ಆಲ್ಟರ್ನೇಟರನ್ನು ಇಂಜಿನ್ನಿಗೆ ಬಿಗಿಯುವ ಹಿಡಿಕೆಯ ಕಬ್ಬಿಣವನ್ನೇ ಕೊಯ್ದು, ಹೊಸ ತೂತು ಕೊರೆದು ಕೂರಿಸಿದೆ. ಐದು ಭಾನುವಾರ ಹಿಡಿಯಿತು. ಇನ್ನೂರ ಇಪ್ಪತ್ತು ಎಂದು ಹಾಲಿನವನಿಗೆ ಹೇಳಿದೆ, ಪಕ್ಕದ ಮನೆಯವರಿಗೆ ಹೇಳಿದೆ. ನಿದ್ದೆಯಲ್ಲೂ ಹೇಳಿದೆನಂತೆ, ಹೆಂಡತಿ ಸಾಕ್ಷಿ.

ಭಾವ ಆಗಲೇ ಬಂದು ಎಚ್ಚರಿಸಿದ್ದರು. ಇನ್ನೂರ ಇಪ್ಪತ್ತು ಬರುವುದು ಇಂಜಿನ್ ಜೋರಾಗಿ ತಿರುಗುವಾಗ. ಗಾಡಿ ನಿಂತಲ್ಲೇ ಓಡುತ್ತಿದ್ದರೆ ಅರ್ಧವೂ ಬರುವುದಿಲ್ಲ, ಅದರ ಫ್ಯಾನು ನಿಧಾನವಾಗಿ ತಿರುಗಿ ಅದು ತನ್ನನ್ನು ತಾನೇ ಬೇಯಿಸಿಕೊಳ್ಳುತ್ತದೆ ಎಂದರು. ಈ ಬ್ಯಾಟರಿಗಳು ಎಷ್ಟು ಕೊಟ್ಟರೂ ಸಾಕು ಅನ್ನುವುದಿಲ್ಲ, ನಡುವೆ ಅವನ್ನು ತಡೆದು ಕುಡಿಸುವ ಚಾರ್ಜರ್ ಬೇಕು ಎಂದರು. ಸಣ್ಣ ಬೆಲ್ಟಿಗೆ ಅಷ್ಟು ದೊಡ್ಡದನ್ನು ತಿರುಗಿಸುವ ತಾಕತ್ತಿಲ್ಲ ಎಂದೂ ಹೇಳಿದರು. ನಾನು ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೋಗುವಾಗ ಶೆಡ್ಡಿನ ಹಿಂದಿನ ಬ್ಯಾಟರಿಗಳಲ್ಲಿ ಒಂದನ್ನು ತಗೊಳ್ಳಲಾ ಎಂದು ಕೇಳಿದರು. ಮಹಾರಾಜನ ಹಾಗೆ ಕೈ ಬೀಸಿ ದಾನ ಮಾಡಿದೆ.

ಬೆಲ್ಟ್ ಕಿರುಚಿದ ದಿನವೇ ಹೊರಡುವ ದಿನ. ಬ್ಯಾಟರಿ ತುಂಬುವುದನ್ನು ಅಕ್ಕ ಕಣ್ಣಾರೆ ನೋಡಲಿ ಎಂದು ಅಂಗಳದಲ್ಲೇ ಇಂಜಿನ್ ಚಾಲೂ ಮಾಡಿ ಮುಕ್ಕಾಲು ಗಂಟೆಯಾಗಿತ್ತು. ಬೆಲ್ಟಿನ ಕಿರುಚಾಟಕ್ಕೆ ಬೀದಿನಾಯಿಗಳು ಎದ್ದು ಬೇರೆ ಬೀದಿಗೆ ಹೋದವು. ಭಾವನ ಬಾಯಿ ಮುಚ್ಚಿಸಲು ನಾನು ಬಚ್ಚಲಿನಿಂದ ಬಟ್ಟೆ ಸೋಪು ತಂದು, ಓಡುತ್ತಿದ್ದ ಬೆಲ್ಟಿಗೆ ಒತ್ತಿ ಹಿಡಿದೆ. ಬುದ್ಧಿ ಇರುವವರು ಯಾರೂ ಮಾಡದ ಕೆಲಸ. ಬೆರಳುಗಳು ಉಳಿದದ್ದು ನನ್ನ ಜಾಣತನದಿಂದಲ್ಲ. ಕಿರುಚಾಟ ನಿಂತಿತು. ನೋಡಿದ್ರಾ ಎನ್ನುವ ಹಾಗೆ ಭಾವನ ಮುಖ ನೋಡಿದೆ.

ಆಗ ವಾಸನೆ ಬಂತು.

"ಆಫ್ ಮಾಡು," ಎಂದರು ಭಾವ.

ಅದು ಬಣ್ಣ ಸುಡುವ ವಾಸನೆ, ಎಲ್ಲ ಹೊಸ ಮಾಲಿಗೂ ಇದ್ದದ್ದೇ ಎಂದೆ. ಹೊಗೆ ಎದ್ದಿತು. ಹೊಗೆಯ ಬಗ್ಗೆಯೂ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಮನೆಯೊಳಗಿನಿಂದ ಬಂದು, ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದಳು. ಆಮೇಲೆ ನನ್ನ ಕೈಯಿಂದ ಸೋಪು ಕಿತ್ತುಕೊಂಡಳು.

"ಇದನ್ನ ಬಟ್ಟೆಗೆ ಹಾಕ್ತಾರೆ ರೀ," ಎಂದು ಹೇಳಿ ಒಳಗೆ ಹೋದಳು.

ಅಕ್ಕ ವ್ಯಾನಿನ ಮೆಟ್ಟಿಲ ಮೇಲೆ ಬಂದು ನಿಂತಳು.

"ಪುಟ್ಟು," ಎಂದಳು. ನನಗೆ ಐವತ್ಮೂರು ವರ್ಷ, ತೂಕ ತೊಂಬತ್ತು ಕೇಜಿ. "ನನ್ನ ಮಿಷನ್ ಒಂದು ರಾತ್ರಿಗೆ ಎಷ್ಟು ಕರೆಂಟ್ ತಿನ್ನುತ್ತೆ, ಗೊತ್ತಾ ನಿನಗೆ?"

"ತುಂಬಾ," ಎಂದೆ.

"ತುಂಬಾ ಅಂದ್ರೆ?"

ನನಗೆ ಗೊತ್ತಿರಲಿಲ್ಲ. ಐದು ಭಾನುವಾರ ಕಬ್ಬಿಣ ಕೊಯ್ದಿದ್ದೆ. ಆ ಪೆಟ್ಟಿಗೆಯ ಹಿಂದೆ ಅಂಟಿಸಿದ ಚೀಟಿಯನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಅವಳೇ ಹೇಳಿದಳು. ಮಿಷನ್ ಒಳಗಿನ ನೀರು ಬಿಸಿ ಮಾಡುವುದನ್ನು ಆಫ್ ಮಾಡಿದರೆ ಅದು ಒಂದು ಹಳೇ ಕಾಲದ ಬಲ್ಬಿನಷ್ಟೂ ತಿನ್ನುವುದಿಲ್ಲ. ಭಾವ ಅದಕ್ಕೊಂದು ಸಣ್ಣ ಮೀಟರ್ ಸಿಕ್ಕಿಸಿ, ಹದಿನೈದು ದಿನ ಬೆಳಿಗ್ಗೆ ಎದ್ದು ಓದಿ ಬರೆದಿದ್ದಾರೆ. "ನೀನು ಎಸೆದ ಬ್ಯಾಟರಿಗೇ ಮಿಷನ್ ಸಿಕ್ಕಿಸಿಕೊಂಡು ಹೋದ ವಾರ ನಾನು ಮನೇಲೇ ಎರಡು ರಾತ್ರಿ ಮಲಗಿದೆ. ಗೋಡೆ ಪ್ಲಗ್ ಮುಟ್ಟಲಿಲ್ಲ. ಹಗಲು ಇವರು ಕಾರು ಓಡಿಸಿದ್ರೆ ಅದು ಮತ್ತೆ ತುಂಬುತ್ತೆ."

"ಮೊದಲೇ ಹೇಳೋಕೆ ಏನಾಗಿತ್ತು?"

"ಮೂರು ಸಲ ಬಂದ್ವಿ. ಮೂರನೇ ಸಲ ನೀನು ಸ್ಪ್ಯಾನರ್ ಎಸೆದೆ."

"ಬಕೆಟ್ ಮೇಲೆ ಎಸೆದದ್ದು."

"ಬಕೆಟ್ ಇವರ ಕೈಯಲ್ಲಿತ್ತು."

ಆದರೂ ಅವಳು ಆ ದಿನ ನನ್ನ ವ್ಯಾನಿನಲ್ಲೇ ಹೋಗೋಣ ಎಂದು ಹಟ ಹಿಡಿದು ಭಾವನನ್ನು ಕರೆತಂದಿದ್ದಳು. ತಮ್ಮ ಇಷ್ಟೆಲ್ಲ ಮಾಡಿದ್ದಾನೆ, ಬೇಡ ಅಂದರೆ ಕೊರಗುತ್ತಾನೆ ಎಂದು. ಭಾವ ಮಾತ್ರ ಯಾವುದಕ್ಕೂ ಇರಲಿ ಎಂದು ಆ ಬ್ಯಾಟರಿಯನ್ನೂ ಎರವಲು ತಂದ ಒಂದು ಟೆಂಟನ್ನೂ ತಮ್ಮ ಪುಟ್ಟ ಕಾರಿನ ಹಿಂದೆ ಹಾಕಿಕೊಂಡು ಬಂದಿದ್ದರು. ಕಾರು ಗೇಟಿನಾಚೆ ನಿಂತಿತ್ತು.

ತಪ್ಪಾಯ್ತು ಅಕ್ಕ, ನಾನೂ ಆ ಕಾರಿನಲ್ಲೇ ಬರ್ತೀನಿ. ಹೇಳಬೇಕಾದದ್ದು ಇಷ್ಟೇ. ನಾಲಿಗೆಯ ತುದಿಯವರೆಗೆ ಬಂದೂ ಇತ್ತು.

"ಹೋಗು," ಎಂದೆ. "ಆ ಡಬ್ಬಾ ಕಾರು ದಾರೀಲಿ ಕೆಟ್ಟು ನಿಂತರೆ ನನಗೆ ಫೋನ್ ಮಾಡಬೇಡ."

ಅಕ್ಕ ಮಿಷನ್ ಹೆಗಲಿಗೆ ಹಾಕಿಕೊಂಡು, ಚೀಲ ಎತ್ತಿಕೊಂಡು ಗೇಟು ದಾಟಿದಳು. ಭಾವ ಹಿಂದೆಯೇ ಹೋದರು; ಹೋಗುವಾಗ ಮೆಲ್ಲಗೆ, ಬಿಸಿ ಆರೋವರೆಗೂ ಆ ಆಲ್ಟರ್ನೇಟರ್ ಮುಟ್ಟಬೇಡ ಎಂದರು. ನಾನು ತಕ್ಷಣ ಮುಟ್ಟಿದೆ. ಬೊಬ್ಬೆ ಬಂತು.

ಹಾಸಿಗೆಯ ಮೇಲೆ ಅವಳ ದಿಂಬು ಉಳಿದಿತ್ತು. ಹಲಗೆಯಂಥ ದಿಂಬು, ಅದಿಲ್ಲದೆ ಅವಳಿಗೆ ನಿದ್ದೆ ಹತ್ತುವುದಿಲ್ಲ. ಬೀದಿಯ ತಿರುವು ದಾಟುವ ಮೊದಲು ನೆನಪಾಗಿ ವಾಪಸ್ ಬರುತ್ತಾಳೆ, ನೋಡ್ತಿರು ಎಂದು ಹೆಂಡತಿಗೆ ಹೇಳಿದೆ. ಅಷ್ಟರಲ್ಲಿ ಹಳೆಯ ಆಲ್ಟರ್ನೇಟರನ್ನೇ ಮತ್ತೆ ಕೂರಿಸಿಬಿಡೋಣ, ಎಲ್ಲರೂ ವ್ಯಾನಿನಲ್ಲೇ ಹೋಗೋಣ ಎಂದು ಅದನ್ನು ಶೆಡ್ಡಿನಿಂದ ತಂದೆ. ಕೂರಲಿಲ್ಲ. ಹಿಡಿಕೆಯ ಕಬ್ಬಿಣ ಕೊಯ್ದವನು ನಾನೇ ಅಲ್ಲವೇ.

ಎರಡು ರಾತ್ರಿಗೆಂದು ಹೋದವರು. ಮೂರನೆಯ ದಿನ ಹೆಂಡತಿಯ ಫೋನಿಗೆ ಒಂದು ಫೋಟೋ ಬಂತು: ಟೆಂಟಿನ ತೆರೆದ ಬಾಗಿಲು, ಅದರ ತುಂಬ ನೀರು. ಮುಂದಿನ ಕೆರೆ ಇನ್ನೂ ಚೆನ್ನಾಗಿದೆಯಂತೆ, ಅಲ್ಲಿಗೆ ಹೋಗ್ತೀವಿ ಎಂದು ಕೆಳಗೆ ಬರೆದಿತ್ತು. ದಿಂಬಿನ ಸುದ್ದಿಯೇ ಇರಲಿಲ್ಲ.

ಇವತ್ತಿಗೆ ಒಂಬತ್ತು ದಿನ. ವ್ಯಾನು ಬಾನೆಟ್ ತೆರೆದುಕೊಂಡು ಅಂಗಳದಲ್ಲಿ ನಿಂತಿದೆ. ಕಾರಿನ ಸದ್ದು ಕೇಳಿದಾಗಲೆಲ್ಲ ನಾನು ದಿಂಬು ಹಿಡಿದು ಗೇಟಿಗೆ ಹೋಗುತ್ತೇನೆ. ಪಕ್ಕದ ಮನೆಯವರ ಕಾರು ಬರುತ್ತದೆ. ಅಕ್ಕ ಬಂದಿಲ್ಲ.