ಗೆರಟೆಯ ಮಸಿ

ಶನಿವಾರ ಸಂಜೆ ಆಂಜೆಲಾಬಾಯಿ ಒಲೆಯಲ್ಲಿ ಸುಟ್ಟ ತೆಂಗಿನ ಗೆರಟೆಗಳನ್ನು ಆರಿಸಿ, ಕಲ್ಲಿನಲ್ಲಿ ನುಣ್ಣಗೆ ಅರೆದು, ತೆಂಗಿನೆಣ್ಣೆಯಲ್ಲಿ ಕಲಸಿ, ಐಸ್‌ಕ್ರೀಮಿನ ಹಳೆಯ ಡಬ್ಬಿಯಲ್ಲಿ ತುಂಬಿಟ್ಟರು. ಅಂಗಡಿಯ ಬಣ್ಣ ಹಚ್ಚಿದರೆ ಮಕ್ಕಳ ಮುಖ ತುರಿಸುತ್ತದೆ, ಗೆರಟೆಯ ಮಸಿಯಾದರೆ ತಂಪು. ಪ್ರತಿ ವರ್ಷ ಅವರು ಹೀಗೆಯೇ ಮಾಡುವುದು.

ಮರುದಿನ ಮಿಷನ್ ಭಾನುವಾರ. ಕಾರ್ಕಳದಿಂದ ಮಣಿಪಾಲಕ್ಕೆ ಹೋಗುವ ರಸ್ತೆಯ ಬದಿಯ ಆ ಸಣ್ಣ ಇಗರ್ಜಿಗೆ ಅಂದು ಜನ ಕುಂಬಳಕಾಯಿ, ಬಾಳೆಗೊನೆ, ಊರಕೋಳಿ ತರುತ್ತಾರೆ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಏಲಂ ನಡೆಯುತ್ತದೆ, ಬಂದ ಹಣ ದೂರದೇಶದ ಮಿಷನ್‌ಗಳಿಗೆ ಹೋಗುತ್ತದೆ. ಏಲಂಗೆ ಮೊದಲು ಮಕ್ಕಳ ಒಂದು ಆಟ, 'ಆಫ್ರಿಕಾದಲ್ಲಿ ನಮ್ಮ ಪಾದ್ರಿ'. ಅದರ ಜವಾಬ್ದಾರಿ ಆಂಜೆಲಾಬಾಯಿಯದು, ಏಕೆಂದರೆ ಆ ಪಾದ್ರಿ ಅವರ ಮಗ. ಕಾರ್ಲ್ ಟಾಂಜಾನಿಯಾದ ಒಂದು ಹಳ್ಳಿಯಲ್ಲಿದ್ದಾನೆ. ಈ ಸಲ ಆಟ ಮುಗಿದ ಮೇಲೆ ಮಿಷನರಿಯ ತಾಯಿಗೆ ಶಾಲು ಹೊದಿಸುವುದೆಂದೂ ನಿಶ್ಚಯವಾಗಿತ್ತು.

ಆ ವಾರ ಕಾರ್ಲ್ ಫೋನ್ ಮಾಡಿದ್ದ. "ಮಾಂಯ್, ನಮ್ಮ ಹಳ್ಳಿಯ ಉಪೆಂದೊ ಎಂಬ ಹುಡುಗಿ ಮಣಿಪಾಲಕ್ಕೆ ಓದಲು ಬಂದಿದ್ದಾಳೆ. ನನಗೆ ಮಲೇರಿಯಾ ತಲೆಗೇರಿದಾಗ ಚಮಚದಲ್ಲಿ ಗಂಜಿ ಕುಡಿಸಿ ಬದುಕಿಸಿದ್ದು ಅವಳ ಅಮ್ಮ. ಮುಂದಿನ ತಿಂಗಳು ನಿನ್ನನ್ನು ನೋಡಲು ಬರುತ್ತಾಳೆ. ನಿನಗೊಬ್ಬಳು ಮಗಳು ಬಂದಳು ಅಂತ ತಿಳಿ."

"ಬರಲಿ ಮಗಾ. ಸನ್ನ ಇಡ್ಲಿ, ಕೋಳಿ ಸುಕ್ಕ ಮಾಡಿ ಬಡಿಸದೆ ಬಿಡ್ತೇನಾ?" ಎಂದು ಆಂಜೆಲಾಬಾಯಿ ಕಣ್ಣೊರೆಸಿಕೊಂಡಿದ್ದರು.

ಆದರೆ ಮಿಷನ್ ಭಾನುವಾರ ದೊಡ್ಡ ಹಬ್ಬವೆಂದು ಕಾರ್ಲ್‌ನ ಬಾಯಿಂದಲೇ ಕೇಳಿದ್ದ ಹುಡುಗಿ ಅಷ್ಟು ಕಾಯಲಿಲ್ಲ. ಮೊದಲ ಗೀತೆ ಹಾಡುತ್ತಿರುವಾಗ ಬಾಗಿಲಲ್ಲಿ ನಿಂತಳು. ಬಿಳಿ ಉಡುಪು, ಬಿಗಿದು ಹೆಣೆದ ಜಡೆಗಳು, ಎದೆಗೆ ಅವಚಿದ ಒಂದು ಹೂಬಟ್ಟೆಯ ಗಂಟು. ಅದೇ ಹೂಬಟ್ಟೆ ಕಾರ್ಲ್ ಕಳುಹಿಸಿದ ಫೋಟೋದಲ್ಲಿ ಪೂಜಾಪೀಠದ ಮೇಲಿತ್ತು. ಆಂಜೆಲಾಬಾಯಿಗೆ ನೋಡಿದ ಕೂಡಲೇ ತಿಳಿಯಿತು. ಮರುಕ್ಷಣ ನೆನಪಾದದ್ದು ಐಸ್‌ಕ್ರೀಮಿನ ಡಬ್ಬಿ.

ಹುಡುಗಿ ನಡುದಾರಿಯಲ್ಲಿ ಬಂದಂತೆ ಬೆಂಚುಗಳು ತುಂಬಿಕೊಂಡವು. ಒಬ್ಬರು ಕಾಲು ಅಗಲಿಸಿದರು, ಇನ್ನೊಬ್ಬರು ಮಗುವನ್ನು ಮಡಿಲಿನಿಂದ ಇಳಿಸಿ ಪಕ್ಕದಲ್ಲಿ ಕೂರಿಸಿದರು. ಅವಳು ನೇರ ಆಂಜೆಲಾಬಾಯಿಯ ಬೆಂಚಿನ ಬಳಿ ಬಂದು ನಕ್ಕಳು. ಬೆಂಚಿನ ತುದಿ ಖಾಲಿ ಇತ್ತು. ಆಂಜೆಲಾಬಾಯಿಯ ಕೈ ತನ್ನಷ್ಟಕ್ಕೆ ವ್ಯಾನಿಟಿ ಬ್ಯಾಗನ್ನು ಅಲ್ಲಿಟ್ಟಿತು.

"ಇಲ್ಲಿ ಜನ ಉಂಟು" ಎಂದರು.

ನಗು ಒಂದು ಕ್ಷಣ ಹಾಗೆಯೇ ನಿಂತಿತು. ಹುಡುಗಿ ತಲೆಯಾಡಿಸಿ ಹಿಂದೆ ಹೋಗಿ ಗೋಡೆಗೆ ಒರಗಿ ನಿಂತಳು. ಪೂಜೆ ಮುಗಿಯುವವರೆಗೂ ಆ ಜಾಗದಲ್ಲಿ ಬ್ಯಾಗು ಒಂದೇ ಕೂತಿತ್ತು. ಪೀಠದಿಂದ ವಿಗಾರ ಪಾದ್ರಿಗಳು ಹೇಳುತ್ತಿದ್ದರು: "ಭೂಮಿಯ ಕಟ್ಟಕಡೆಯವರೆಗೆ ಹೋಗಿ ಅಂತ ಸ್ವಾಮಿ ಹೇಳಿದ್ದು. ನಾವು ಹೋಗಲಾರೆವು, ನಮ್ಮ ಪ್ರಾರ್ಥನೆ ಹೋಗಲಿ."

ಅಂಗಳಕ್ಕೆ ಬಂದಾಗ ವಾರ್ಡಿನ ಗುರಿಕಾರ ಜೋಕಿಮ್‌ಬಾಬ್ ಮೈಕ್ ಹಿಡಿದುಕೊಂಡೇ ಹತ್ತಿರ ಸರಿದರು. "ಆಂಜೆಲಾಬಾಯಿ, ಅದು ನಿಮ್ಮ ಪಾದ್ರಿ ಮಗನ ಕಡೆಯವಳಾ?"

ನಾಲ್ಕಾರು ಮುಖಗಳು ತಿರುಗಿದವು. ಅಜೆಕಾರಿನಿಂದ ಶಾಲು ನೋಡಲೆಂದೇ ಬಂದ ನೆಂಟರೂ ಅಲ್ಲಿದ್ದರು.

"ನನಗೆಂತ ಗೊತ್ತು? ಮಣಿಪಾಲದಲ್ಲಿ ಅಂಥವರು ಬೇಕಾದಷ್ಟು ಇಲ್ವಾ?"

ಹೊರಟುಹೋಗಲಿ ದೇವರೇ, ಆಟ ಶುರುವಾಗುವ ಮೊದಲು ಹೊರಟುಹೋಗಲಿ ಎಂದು ಅವರು ಒಳಗೊಳಗೇ ಬೇಡಿಕೊಂಡರು. ಹುಡುಗಿ ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕಿ ಕೂತಳು. ಅವಳ ಎರಡೂ ಬದಿಯ ಕುರ್ಚಿಗಳು ಖಾಲಿಯೇ ಉಳಿದವು.

ವೇದಿಕೆಯ ಮೇಲೆ ಮಸಿ ಬಳಿದ ಮಕ್ಕಳು ಸೊಪ್ಪು ಕಟ್ಟಿಕೊಂಡು, ಅರ್ಥವಿಲ್ಲದ ಕೂಗು ಹಾಕುತ್ತ ಕುಣಿದರು. ಹೊಟ್ಟೆ ತಟ್ಟಿಕೊಂಡು ಬೇಡಿದರು. ಬಿಳಿ ನಿಲುವಂಗಿಯ ಹುಡುಗನೊಬ್ಬ ಬನ್ನು ಎಸೆದ, ಅವರು ಬಿದ್ದು ಎದ್ದು ಹೆಕ್ಕಿದರು. ಜನ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಯಾರೋ ಹಿಂದೆ ತಿರುಗಿ ನೋಡಿದರು, ಮತ್ತೊಬ್ಬರು ನೋಡಿದರು, ಆ ಮೇಲೆ ನಗು ಬೇರೆಯೇ ಆಯಿತು.

ಜೋಕಿಮ್‌ಬಾಬ್‌ಗೆ ಹುರುಪು ಬಂತು. "ಓಹೋ, ಇಲ್ಲಿ ಅಸಲಿ ಮಾಲೇ ಬಂದುಂಟು! ಬಣ್ಣದ ಖರ್ಚೇ ಇಲ್ಲ! ಕಮ್, ಕಮ್, ಸಿಸ್ಟರ್!"

ಚಪ್ಪಾಳೆ ಬಿತ್ತು. ಸ್ವಾಗತಕ್ಕೆ ಕರೆಯುತ್ತಿದ್ದಾರೆಂದೋ ಏನೋ, ಅವಳು ಎದ್ದು ಬಂದಳು. ಜೋಕಿಮ್‌ಬಾಬ್ ಮಸಿ ಬಳಿದ ತನ್ನ ಮೊಮ್ಮಗಳು ಫಿಯೋನಾಳನ್ನು ಮುಂದಕ್ಕೆ ತಳ್ಳಿದರು. "ಉಜ್ಜಿ ನೋಡು ಪುಟ್ಟಿ, ಅವಳದ್ದು ಹೋಗ್ತದಾ?"

ಮಗು ನಗುತ್ತ ಅವಳ ತೋಳು ಹಿಡಿದು ಉಜ್ಜಿತು. ಏನೂ ಬರಲಿಲ್ಲ. ಬಂದದ್ದು ಮಗುವಿನ ಕೈಯದೇ ಮಸಿ, ಬಿಳಿ ಉಡುಪಿನ ತೋಳಿನ ಮೇಲೆ ಐದು ಬೆರಳೂ ಮೂಡುವಂತೆ. ಅಂಗಳವಿಡೀ ಘೊಳ್ಳೆಂದಿತು.

ಧರ್ಮಶಿಕ್ಷಣದ ಟೀಚರ್ ಶರೋನ್ ಮಾತ್ರ ಎದ್ದು ನಿಂತಳು. "ಜೋಕಿಮ್‌ಬಾಬ್, ಸಾಕು ಮಾಡಿ. ಇದು ಪಾಪ."

"ಎಂತ ಪಾಪ ಮಾರಾಯ್ತಿ, ತಮಾಷೆ! ಕುವೈಟಿನಲ್ಲಿ ನಾನು ಇದಕ್ಕಿಂತ ಹೆಚ್ಚು ಕೇಳಿದ್ದೇನೆ. ನನ್ನನ್ನು ನಾಯಿಯ ಹಾಗೆ ಕರೆಯುತ್ತಿದ್ದರು. ನಾನು ಸತ್ತೆನಾ? ಅಭ್ಯಾಸ ಆಗ್ತದೆ." ಹೇಳುವಾಗ ಅವರ ಮುಖದಲ್ಲಿ ನಗು ಇರಲಿಲ್ಲ. ಹೇಳಿ ಮುಗಿಸಿ ಮತ್ತೆ ನಕ್ಕರು.

ಆ ಹುಡುಗಿ ಮೈಕಿಗೆ ಕೈ ಚಾಚಿದಳು. ಕಾರ್ಲ್ ಕಲಿಸಿದ ಒಡಕು ಕೊಂಕಣಿಯಲ್ಲಿ, ಒಂದೊಂದೇ ಶಬ್ದ ಹುಡುಕಿ ಹೇಳಿದಳು. "ದೇವರು ನಿಮಗೆ ಒಳ್ಳೆಯದು ಮಾಡಲಿ. ಈ ಬಟ್ಟೆ ಫಾದರ್ ಕಾರ್ಲ್ ಅವರ ತಾಯಿಗೆ. ನನ್ನ ಅಮ್ಮ ನೇಯಿಸಿದ್ದು. ಅವರು ಇವತ್ತು ಬಂದಿಲ್ಲ ಅಂತ ಕಾಣುತ್ತದೆ. ತಲುಪಿಸಿ."

ಮೆಟ್ಟಿಲಿಳಿದು, ಗಂಟನ್ನು ಏಲಂನ ಮೇಜಿನ ಮೇಲೆ, ಕುಂಬಳಕಾಯಿಯ ಪಕ್ಕದಲ್ಲಿಟ್ಟು ಗೇಟಿನ ಕಡೆ ನಡೆದಳು.

ನಗು ಒಮ್ಮೆಲೇ ನಿಂತಿತು. ಎಲ್ಲರೂ ಆಂಜೆಲಾಬಾಯಿಯನ್ನು ನೋಡಿದರು. ಆಂಜೆಲಾಬಾಯಿ ತನ್ನ ಬೆರಳುಗಳನ್ನು ನೋಡಿಕೊಂಡರು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಮಸಿ ಉಳಿದಿತ್ತು. ಚಮಚದಲ್ಲಿ ಗಂಜಿ ಕುಡಿಸಿದ ಕೈ ಹೇಗಿದ್ದಿರಬಹುದು? ಆ ಕೈಗೆ ತನ್ನ ಮಗನ ಬಾಯಿ ಬೇರೆಯವರ ಬಾಯಿ ಅನ್ನಿಸಲಿಲ್ಲವಲ್ಲ.

ಜೋಕಿಮ್‌ಬಾಬ್ ಗಡಿಬಿಡಿಯಲ್ಲಿ ಕಾರ್ಯಕ್ರಮ ಮುಂದಕ್ಕೆ ನೂಕಿದರು. "ಈಗ ಮಿಷನರಿಯ ತಾಯಿ ಆಂಜೆಲಾಬಾಯಿ ವೇದಿಕೆಗೆ ಬರಬೇಕು..."

ಅವರು ಎದ್ದರು. ವೇದಿಕೆಗಲ್ಲ, ಮೇಜಿನ ಹತ್ತಿರ ಹೋಗಿ ಗಂಟನ್ನು ಎತ್ತಿಕೊಂಡು ಗೇಟಿನತ್ತ ಓಡಿದರು. ಅರವತ್ತು ದಾಟಿದ ಮಂಡಿಗಳು ನೋಯುತ್ತಿದ್ದವು. ಹಿಂದಿನಿಂದ ಮೈಕು ಅವರ ಹೆಸರನ್ನೇ ಕೂಗುತ್ತಿತ್ತು, "ಆಂಜೆಲಾಬಾಯಿ, ಎಲ್ಲಿದ್ದರೂ ಬರಬೇಕು."

ಮಣಿಪಾಲದ ಬಸ್ಸು ಹೊರಡುವುದರಲ್ಲಿತ್ತು. ಹತ್ತಿಕೊಂಡರು. ಭಾನುವಾರದ ರಶ್ಶು, ಜನ ಕಂಬಿಗೆ ಜೋತು ನಿಂತಿದ್ದರು. ಆದರೂ ಒಂದು ಸೀಟು ಖಾಲಿ ಇತ್ತು, ಉಪೆಂದೊಳ ಪಕ್ಕದ್ದು. ಆಂಜೆಲಾಬಾಯಿ ಅದರಲ್ಲಿ ಕೂತು ಏದುಸಿರು ಬಿಟ್ಟರು.

"ನಾನು ಕಾರ್ಲ್‌ನ ಅಮ್ಮ."

"ಗೊತ್ತು" ಎಂದಳು ಅವಳು, ಕಿಟಕಿಯ ಹೊರಗೆ ನೋಡುತ್ತ. "ನಮ್ಮ ಮನೆಯ ಗೋಡೆಯಲ್ಲಿ ನಿಮ್ಮ ಫೋಟೋ ಉಂಟು. ಇಗರ್ಜಿಯಲ್ಲಿ ನೋಡಿದ ಕೂಡಲೇ ಗೊತ್ತಾಯಿತು."

"ಮತ್ತೆ ಯಾಕೆ ಮಗಾ ಹೇಳಲಿಲ್ಲ?"

"ಜನ ಉಂಟು ಅಂದಿರಲ್ಲ."

ಆಂಜೆಲಾಬಾಯಿ ಸೆರಗಿನ ತುದಿಯಿಂದ ಅವಳ ತೋಳಿನ ಮಸಿ ಒರೆಸಲು ಹೋದರು. ಎಣ್ಣೆಯ ಮಸಿ, ಒರೆಸಿದಷ್ಟೂ ಹರಡಿತು. ಬೆರಳುಗಳ ಗುರುತು ಹೋಗಿ ದೊಡ್ಡ ಕಪ್ಪು ಕಲೆಯಾಯಿತು.

"ಬಿಡಿ" ಎಂದು ಅವಳು ತೋಳನ್ನು ಎಳೆದುಕೊಂಡಳು. "ಇದು ಹೋಗುವುದಿಲ್ಲ."

ಕಂಬಿ ಹಿಡಿದು ನಿಂತಿದ್ದ ಹಿರಿಯಡ್ಕದ ಹೆಂಗಸೊಬ್ಬಳು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಕೇಳಿದಳು. "ಬಾಯಿ, ಇವಳು ನಿಮಗೆ ಎಂತ ಆಗ್ಬೇಕು?"

ಬಸ್ಸಿನಲ್ಲಿ ಇಗರ್ಜಿಯ ಜನವೂ ಇದ್ದರು.

"ಮಗಳು" ಎಂದರು ಆಂಜೆಲಾಬಾಯಿ. ಮೆಲ್ಲನೆ ಅಂದದ್ದು, ಹೆಂಗಸಿಗೆ ಕೇಳಿಸಲಿಲ್ಲ. ಮತ್ತೊಮ್ಮೆ, ಬಸ್ಸಿಗೆಲ್ಲ ಕೇಳುವಂತೆ ಹೇಳಿದರು. "ನನ್ನ ಮಗಳು."

ಕಂಡಕ್ಟರ್ ಬಂದ. ಆಗ ಆಂಜೆಲಾಬಾಯಿಗೆ ಬ್ಯಾಗಿನ ನೆನಪಾಯಿತು. ಅದು ಅಂಗಳದಲ್ಲಿ ಅವರ ಕುರ್ಚಿಯ ಮೇಲೆಯೇ ಕೂತಿತ್ತು. ಕೈಯಲ್ಲಿದ್ದುದು ಹೂಬಟ್ಟೆಯ ಗಂಟು ಮಾತ್ರ.

ಉಪೆಂದೊ ಇತ್ತ ತಿರುಗಲಿಲ್ಲ. ಕಿಟಕಿಯಾಚೆ ನೋಡುತ್ತಲೇ ನೋಟೊಂದನ್ನು ಚಾಚಿ, ಕಂಡಕ್ಟರನಿಗೆ ಎರಡು ಬೆರಳು ತೋರಿಸಿದಳು.