ಹನ್ನೆರಡು ಕಸಿ ಚಾಕು

ಹಾಲುರಾಮೇಶ್ವರದ ಮೀನಾಕ್ಷಿ ತನ್ನ ಸಂಘದ ಹೆಂಗಸರಿಗೆ ಮಾವಿನ ಕಸಿ ಕಟ್ಟುವುದನ್ನು ಕಲಿಸಿಕೊಡಿ ಎಂದು ಕೇಳಲು ತಾಳ್ಯಕ್ಕೆ ಬಂದಾಗ, ವೀರಮ್ಮ ಮೊದಲು ತನ್ನಿಂದ ಆಗದು ಎಂದಳು. ಕಾಫಿ ಕುಡಿದಾದ ಮೇಲೆ, "ಚಾಕು ಯಾವುದು ತಗಂತೀರಿ?" ಎಂದು ಕೇಳಿದಳು.

ಮೀನಾಕ್ಷಿ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಹಸಿರು ಪ್ಲಾಸ್ಟಿಕ್ ಹಿಡಿ, ಥಳಥಳ ಹೊಳೆಯುವ ಅಲಗು, ಮಡಚಿದರೆ ಬೆರಳುದ್ದ. ವೀರಮ್ಮ ಫೋನನ್ನು ದೂರ ಹಿಡಿದು ನೋಡಿದಳು.

"ಫೋಟೋ ನೋಡಿ ಹೆಣ್ಣು ತರಬೌದು, ಚಾಕು ತರಕ್ಕಾಗಲ್ಲ. ನಾನೇ ಬರ್ತೀನಿ. ದುರ್ಗಕ್ಕೆ ಹೋಗಾಣ."

ವೀರಮ್ಮನಿಗೆ ಆಗ ಅರವತ್ತಮೂರು. ಹೊಸದುರ್ಗದ ರಸ್ತೆಯಲ್ಲಿದ್ದ ಒಂದು ನರ್ಸರಿಯಲ್ಲಿ ಇಪ್ಪತ್ತೆಂಟು ವರ್ಷ ಕಸಿ ಕಟ್ಟಿದವಳು. ಐದು ವರ್ಷದ ಹಿಂದೆ ಆ ಜಾಗ ಸೈಟುಗಳಾಗಿ, ಕಲ್ಲು ನೆಟ್ಟು ಮಾರಾಟವಾಯಿತು. ಅಂದಿನಿಂದ ಅವಳು ಮಾವಿನ ಸಸಿಯನ್ನು ಮುಟ್ಟಿರಲಿಲ್ಲ.

ಸೋಮವಾರ ಇಬ್ಬರೂ ಹೊಳಲ್ಕೆರೆಯಲ್ಲಿ ಕೂಡಿಕೊಂಡು ಬಸ್ಸು ಹತ್ತಿದರು. ವೀರಮ್ಮನ ಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ, ಕಸಿ ಕಟ್ಟುವ ಮಾವಿನ ಕಡ್ಡಿಗಳ ಒಂದು ಕಟ್ಟಿತ್ತು.

ಚಿತ್ರದುರ್ಗದಲ್ಲಿ ಅವರು ಹೊಕ್ಕ ಅಂಗಡಿಯಲ್ಲಿ ಸಲಿಕೆ, ಗುದ್ದಲಿ, ಔಷಧಿ ಹೊಡೆಯುವ ಪಂಪು ಎಲ್ಲ ಇದ್ದವು. ಅಂಗಡಿಯ ಗುರುರಾಜ್ ಗಾಜಿನ ಮೇಲೆ ನಾಲ್ಕು ಮಡಚುವ ಚಾಕು ಸಾಲಾಗಿ ಇಟ್ಟ.

"ಇದು ಸಾದಾ ಸ್ಟೀಲು ನೋಡ್ರಿ, ನೂರಾ ಇಪ್ಪತ್ತು. ಎಲ್ಲರೂ ಇದನ್ನೇ ಒಯ್ಯೋದು. ಇದೂ ಸ್ಟೀಲೇ, ಸ್ವಲ್ಪ ಗಟ್ಟಿ, ಇನ್ನೂರು. ಈ ಕರೇದು ಕಾರ್ಬನ್ ಉಕ್ಕು, ನೂರಾ ಎಂಬತ್ತು, ತುಕ್ಕು ಹಿಡೀತೈತೆ. ಇದು ಹೊರದೇಶದ್ದು, ಎರಡು ಸಾವಿರದ ಮೇಲೈತೆ. ಇದನ್ನ ವರ್ಷಗಟ್ಲೆ ಮಸೆಯೋದೇ ಬ್ಯಾಡ ಅಂತಾರೆ."

"ಅಷ್ಟು ಗಟ್ಟಿ ಇರೋದು ಮೊಂಡಾದ ದಿನ ನಮ್ಮ ಸಾಣೆಕಲ್ಲಿಗೆ ಬಗ್ಗಲ್ಲ ಕಣಪ್ಪ. ಅದನ್ನ ಒಳಗಿಡು," ಎಂದಳು ವೀರಮ್ಮ.

ಅವಳು ಮೊದಲನೆಯದನ್ನು ಎತ್ತಿಕೊಂಡು, ಅಲಗಿನ ಗೀರಿಗೆ ಹೆಬ್ಬೆರಳಿನ ಉಗುರು ಕೊಟ್ಟು ಎಳೆದಳು. ಅಲಗು ಮೇಲೇಳಲಿಲ್ಲ. ಮತ್ತೊಮ್ಮೆ ಎಳೆದಳು. ಹೆಬ್ಬೆರಳ ಗಿಣ್ಣು ಎರಡು ವರ್ಷದಿಂದ ಊದಿಕೊಂಡಿದ್ದು ಅವಳಿಗೆ ಗೊತ್ತಿದ್ದದ್ದೇ. ಆದರೆ ಚಾಕು ಬಿಚ್ಚಲಾಗದಷ್ಟು ಆಗಿದೆ ಎಂಬುದು ಈ ಅಂಗಡಿಯಲ್ಲಿ, ಈ ಹುಡುಗನ ಎದುರಿಗೇ ಗೊತ್ತಾಗಬೇಕಿತ್ತೇ ಎನಿಸಿ ಅವಳ ಮುಖ ಬಿಸಿಯಾಯಿತು. ಗುರುರಾಜ್ ಕೈ ಮುಂದೆ ಮಾಡುವಷ್ಟರಲ್ಲಿ ಮೀನಾಕ್ಷಿ ಚಾಕು ತೆಗೆದುಕೊಂಡು, ಬಿಚ್ಚಿ, ಹಿಡಿಯನ್ನು ವೀರಮ್ಮನ ಕಡೆ ತಿರುಗಿಸಿ ಕೊಟ್ಟಳು. ಉಳಿದ ಎರಡನ್ನೂ ಹಾಗೇ ಬಿಚ್ಚಿ ಇಟ್ಟಳು.

ವೀರಮ್ಮ ಕಡ್ಡಿಯ ಕಟ್ಟು ಬಿಚ್ಚಿದಳು. ಸಾದಾ ಸ್ಟೀಲು ಆರು ಕಡ್ಡಿಯನ್ನು ನುಣ್ಣಗೆ ಕೊಯ್ದಿತು. ಏಳನೆಯದರಲ್ಲಿ ತೊಗಟೆ ಹರಿಯಿತು. ಗಟ್ಟಿ ಸ್ಟೀಲು ಹದಿನೈದು ಕಡ್ಡಿಯವರೆಗೂ ಹದ ಕೆಡಲಿಲ್ಲ. ಕೊನೆಗೆ ಕರಿ ಉಕ್ಕನ್ನು ಹಿಡಿದಳು. ಅದು ಕಡ್ಡಿಯೊಳಗೆ ಸದ್ದಿಲ್ಲದೆ ಇಳಿಯಿತು. ನಾಲ್ಕು ಕಡ್ಡಿ ಕೊಯ್ದು ಕೈಯಲ್ಲೇ ಹಿಡಿದುಕೊಂಡು ನಿಂತಿರುವಷ್ಟರಲ್ಲೇ, ಮಾವಿನ ಸೊನೆ ತಗುಲಿದ ಕಡೆ ಅಲಗು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗತೊಡಗಿತು.

"ಉಗ್ರಪ್ಪಣ್ಣನ ಚಾಕು ಪೂರ್ತಿ ಹಿಂಗೇ ಇತ್ತು," ಎಂದಳು.

ಗುರುರಾಜ್ ಸ್ಟೂಲು ಸರಿಸಿದ. "ಕುಂತ್ಕಳ್ರಿ ಅಮ್ಮ. ಯಾರು ಉಗ್ರಪ್ಪಣ್ಣ?"

ಉಗ್ರಪ್ಪ ಕುರಿ ಕಾಯ್ದುಕೊಂಡಿದ್ದು ನರ್ಸರಿಗೆ ಬಂದವನು. ಕುರಿಯ ಗೊರಸು ಹೆರೆದು ಹೆರೆದು ಅವನ ಕೈಗೆ ಚಾಕು ಒಗ್ಗಿತ್ತು. ಆ ಕಾಲದಲ್ಲಿ ನರ್ಸರಿಯ ಹೆಂಗಸರಿಗೆ ಪಾಕೀಟಿಗೆ ಮಣ್ಣು ತುಂಬುವುದು, ನೀರು ಹಾಕುವುದು ಇಷ್ಟೇ ಕೆಲಸ. ಚಾಕು ಗಂಡಸರದ್ದು, ಕೂಲಿಯೂ ಅವರಿಗೇ ಹೆಚ್ಚು. ವೀರಮ್ಮ ಮಣ್ಣು ತುಂಬುತ್ತಲೇ ಉಗ್ರಪ್ಪನ ಕೈ ನೋಡುತ್ತಿದ್ದಳು. ಅವನು ಕಡ್ಡಿಯನ್ನು ಕೊರೆಯುತ್ತಿರಲಿಲ್ಲ. ಚಾಕುವನ್ನು ನಿಲ್ಲಿಸಿಕೊಂಡು ಕಡ್ಡಿಯನ್ನೇ ತನ್ನ ಕಡೆ ಎಳೆದುಕೊಳ್ಳುತ್ತಿದ್ದ. ಒಂದೇ ಎಳೆತ, ಎರಡನೆಯದಿಲ್ಲ.

ಒಂದು ಮಳೆಗಾಲ ಅವನು ಜ್ವರ ಬಂದು ಮಲಗಿದ. ಹಿರಿಯೂರಿನಿಂದ ತರಿಸಿದ್ದ ನಾನೂರು ಕಡ್ಡಿ ಗೋಣಿಯಲ್ಲಿ ಬಾಡುತ್ತಿದ್ದವು. ಕಡ್ಡಿ ಯಾರಿಗೂ ಕಾಯುವುದಿಲ್ಲ. ವೀರಮ್ಮ ಅವನ ಮನೆಗೆ ಹೋಗಿ ಬಾಗಿಲಲ್ಲಿ ನಿಂತು, "ಉಗ್ರಪ್ಪಣ್ಣ, ನಾನು ಕಟ್ಟಲಾ?" ಎಂದು ಕೇಳಿದಳು. ಅವನು ಕಂಬಳಿಯೊಳಗಿಂದ ಕೈ ಚಾಚಿ ದಿಂಬಿನ ಕೆಳಗಿದ್ದ ಚಾಕು ತೆಗೆದುಕೊಟ್ಟ.

"ಅವಸರ ಮಾಡಬ್ಯಾಡ ಕಣವ್ವ. ಕಡ್ಡಿ ನಿನ್ನ ಕಡೆ ಬರ್ಲಿ," ಎಂದಷ್ಟೇ ಅಂದ.

ನಾನೂರನ್ನೂ ಅವಳು ಮೂರು ದಿನದಲ್ಲಿ ಕಟ್ಟಿದಳು. ಚಿಗುರು ಬಂದ ಮೇಲೆ ಮಾಲೀಕ ಅವಳಿಗೆ ಮಣ್ಣು ತುಂಬಲು ಹೇಳಲಿಲ್ಲ. ಉಗ್ರಪ್ಪ ಎದ್ದು ಬಂದವನು ತನ್ನ ಪಕ್ಕದಲ್ಲೇ ಅವಳಿಗೊಂದು ಗೋಣಿ ಹಾಸಿದ. ಹತ್ತು ವರ್ಷ ಹಾಗೆ ಪಕ್ಕದಲ್ಲಿ ಕೂತು ಕೆಲಸ ಮಾಡಿದರು. ಸಂಜೆ ಅವನು ಚಾಕುವನ್ನು ತಲೆವಸ್ತ್ರಕ್ಕೆ ಒರೆಸಿ, ಹರಳೆಣ್ಣೆ ಸವರಿಯೇ ಏಳುತ್ತಿದ್ದ. ಆ ಎಣ್ಣೆಯ ವಾಸನೆ ಬಂದರೆ ಕೆಲಸ ಮುಗಿಯಿತೆಂದು ಉಳಿದವರೂ ಸೊಂಟ ನೆಟ್ಟಗೆ ಮಾಡುತ್ತಿದ್ದರು.

ಇಷ್ಟು ಹೇಳಿ ವೀರಮ್ಮ ಕರಿ ಚಾಕುವನ್ನು ಸೆರಗಿಗೆ ಒರೆಸಿದಳು. ಗುರುರಾಜ್ ಬಂದ ಗಿರಾಕಿಗೆ ಕಾಯಲು ಕೈಸನ್ನೆ ಮಾಡಿದ್ದ.

"ಹಂಗಾದ್ರೆ ಕರೇದನ್ನೇ ತಗಳಾಣ ಬಿಡ್ರಿ," ಎಂದಳು ಮೀನಾಕ್ಷಿ.

"ಬ್ಯಾಡ. ನಿಮ್ಮೋರು ವರ್ಷಕ್ಕೆ ಎರಡು ತಿಂಗಳು ಕಟ್ತಾರೆ, ಆಮೇಲೆ ಎಲ್ಲೋ ಇಟ್ಟು ಮರೀತಾರೆ. ತಪ್ಪಲ್ಲ, ಮನೆ ಇರ್ತೈತೆ, ಹೊಲ ಇರ್ತೈತೆ. ಕರಿ ಉಕ್ಕು ಅದನ್ನ ಸೈಸಲ್ಲ, ತುಕ್ಕು ತಿಂದು ಕುಂತಿರ್ತೈತೆ. ಈ ಗಟ್ಟಿ ಸ್ಟೀಲು ಸಾಕು. ವಾರಕ್ಕೊಮ್ಮೆ ಕಲ್ಲಿಗೆ ಹಿಡೀಲಿ."

ಗುರುರಾಜ್ ಹದಿನಾಲ್ಕು ತಂದ. ಮೀನಾಕ್ಷಿ ಒಂದೊಂದನ್ನೇ ಬಿಚ್ಚಿದಳು. ವೀರಮ್ಮ ಅಲಗು ಹಿಡಿದು ಅಲ್ಲಾಡಿಸಿ ಮೊಳೆ ಸಡಿಲವಿದ್ದ ಎರಡನ್ನು ತೆಗೆದಿಟ್ಟಳು. ಕಲಿಯುವವರ ಬೆರಳ ಮೇಲೆ ಚಾಕು ಮಡಚಿಕೊಳ್ಳಬಾರದು. ಆಮೇಲೆ ಕೇಳಿದಳು:

"ಕರೇದರಲ್ಲಿ ಸಡಿಲ ಇರೋದು ಯಾವುದಾದ್ರೂ ಐತೇನಪ್ಪ? ನನಗೆ."

ಗುರುರಾಜ್ ಡಬ್ಬಿ ಸುರಿದು ಹುಡುಕಿದ. ಐದನೆಯದು ಅವಳ ಹೆಬ್ಬೆರಳಿಗೆ ತೆರೆದುಕೊಂಡಿತು. ಅದರ ಹಣ ಕೊಡಲು ಅವಳು ಮೀನಾಕ್ಷಿಯನ್ನು ಬಿಡಲಿಲ್ಲ, ತಾನೇ ಕೊಟ್ಟಳು.

ಹಾಲುರಾಮೇಶ್ವರದಲ್ಲಿ ಮೊದಲ ಎಂಟು ದಿನ ಅವಳು ಬರೀ ಕಡ್ಡಿ ಕೊಯ್ಯಿಸಿದಳು. ಹೆಂಗಸರು ಬೇಸತ್ತರು. ಉಚ್ಚಂಗಮ್ಮ ಎಂಬಾಕೆ, "ನಾವು ಕಸಿ ಕಲಿಯಕ್ಕೆ ಬಂದ್ವೋ, ಸೌದೆ ಸೀಳಕ್ಕೋ?" ಎಂದು ಕೇಳಿಯೂ ಬಿಟ್ಟಳು. ಒಂಬತ್ತನೇ ದಿನ ವೀರಮ್ಮ ಅವರಿಗೆ ಕಟ್ಟಲು ಬಿಟ್ಟಳು. ಕಸಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿರದ ಕಡೆ ತಾನೇ ಬಿಚ್ಚಿ ಮತ್ತೆ ಕಟ್ಟಿಸಿದಳು. ನೂರಾ ನಲವತ್ತು ಸಸಿ ಕಟ್ಟಿದರು. ತಿಂಗಳ ಮೇಲೆ ನೋಡಿದರೆ ಚಿಗುರಿದ್ದು ಅರವತ್ತೆರಡು.

ಮೀನಾಕ್ಷಿಯ ಮುಖ ಸಣ್ಣದಾಯಿತು. ವೀರಮ್ಮ ಸಾಲಿನ ನಡುವೆ ಕೂತು, ಕೆಂಪಗೆ ಕಣ್ಣು ಬಿಟ್ಟ ಚಿಗುರುಗಳನ್ನು ಒಂದೊಂದಾಗಿ ನೋಡುತ್ತ ಹೋದಳು.

"ಅರ್ಧದ ಹತ್ರ ಬಂದೈತೆ. ಬರೋ ವರ್ಷ ಕಡ್ಡಿ ಒಳ್ಳೇವು ತರಾಣ. ಹಿರಿಯೂರು ಕಡೆ ಕಾಟಲಿಂಗಪ್ಪ ಅಂತ ಇದಾರೆ, ಅವರ ತೋಟದಾಗೆ ರಸಪುರಿ ಮಾವಿನ ಮರದ ಸಾಲೈತೆ. ಉಗ್ರಪ್ಪಣ್ಣನೂ ನಾನೂ ಕಟ್ಟಿದ್ದು. ಈಗ ಎಷ್ಟು ದೊಡ್ಡವಾಗ್ಯಾವೋ."

"ಬರೋ ವರ್ಷ ಯಾಕೆ?" ಎಂದಳು ಮೀನಾಕ್ಷಿ. "ಗುರುವಾರ ನನಗೆ ಬಿಡುವೈತೆ. ನೋಡ್ಕಂಡು ಬರಾಣ ಬರ್ರಿ."

ಗುರುವಾರ ಬೆಳಗಿನ ಬಸ್ಸಿಗೆ ಇಬ್ಬರೂ ಹಿರಿಯೂರಿಗೆ ಹೋದರು.